ಸಾವಿರಕ್ಕೆ ನಲವತ್ತಲ್ಲ, ಗಂಟೆಗೆ ಎಷ್ಟು ಅಂತ ಕೇಳಿ

ಮಾನ್ಯ ಸಂಪಾದಕರೇ,

ನಮಸ್ಕಾರ. ಹೋದ ವಾರ ನಿಮ್ಮ ಪತ್ರಿಕೆಯ ಓದುಗರ ಅಂಕಣದಲ್ಲಿ ಹುಬ್ಬಳ್ಳಿಯ ಓದುಗರೊಬ್ಬರು ಆನ್‌ಲೈನ್ ಸ್ಲಾಟ್ ಆಟದ ಬಗ್ಗೆ, ಅಂದರೆ ದುಡ್ಡಿಟ್ಟು ಬಟನ್ ಒತ್ತಿದರೆ ಚಿತ್ರಗಳು ತಿರುಗಿ ನಿಲ್ಲುವ ಜೂಜಿನ ಬಗ್ಗೆ ಬರೆದಿದ್ದರು. ಈ ಆಟದಲ್ಲಿ ಶೇ 96ರಷ್ಟು ದುಡ್ಡು ಆಡುವವರಿಗೇ ವಾಪಸ್ ಬರುತ್ತದೆ, ಸಾವಿರ ರೂಪಾಯಿ ಹಾಕಿದರೆ ಹೆಚ್ಚೆಂದರೆ ನಲವತ್ತು ಹೋಗಬಹುದು, ಅದು ಸಿನಿಮಾ ಟಿಕೆಟ್‌ಗಿಂತ ಅಗ್ಗ, ಹೀಗಿರುವಾಗ ಸುಮ್ನೆ ಹೊತ್ತು ಕಳೆಯಲು ಆಡುವವರಿಗೂ ಸೇರಿಸಿ ಎಲ್ಲರಿಗೂ ನಿಷೇಧ ಯಾಕೆ ಅನ್ನೋದು ಅವರ ವಾದ. ನಿಷೇಧದ ಮಾತಿಗೆ ಆಮೇಲೆ ಬರುತ್ತೇನೆ. ಮೊದಲು ಆ ನಲವತ್ತು ರೂಪಾಯಿ ಲೆಕ್ಕ. ಅದು ತಪ್ಪು. ಸಣ್ಣ ತಪ್ಪಲ್ಲ, ತುಂಬಾ ದೊಡ್ಡ ತಪ್ಪು.

ನಾನು ದಾವಣಗೆರೆಯವನು. ಹದಿನಾಲ್ಕು ವರ್ಷದಿಂದ ಇಂಗ್ಲೆಂಡಿನ ರೆಡಿಂಗ್‌ನಲ್ಲಿದ್ದೇನೆ. ಇಲ್ಲಿ ಆನ್‌ಲೈನ್ ಸ್ಲಾಟ್‌ಗೆ ಕಾನೂನಿನ ಒಪ್ಪಿಗೆ ಇದೆ. ತಿಂಗಳಿಗೆ ಒಂದೋ ಎರಡೋ ಶನಿವಾರ, ಮಕ್ಕಳು ಮಲಗಿದ ಮೇಲೆ, ಹತ್ತು ಪೌಂಡ್ ಇಟ್ಟುಕೊಂಡು ಒಂದು ಗಂಟೆ ಆಡುತ್ತೇನೆ. ಇದು ಮನೆಯವಳಿಗೂ ಗೊತ್ತು. ಆ ಓದುಗರ ಲೆಕ್ಕವನ್ನು ಮೊದಮೊದಲು ನಾನೂ ನಂಬಿದ್ದೆ. ಇಂಥದ್ದೇ ಒಂದು ಆಟ ನಂಬಿ ನನ್ನ ತಮ್ಮನ ಮಗ ಈಗ ಊರಲ್ಲಿ ದುಡ್ಡು ಕಳೆದುಕೊಂಡು ಕೂತಿದ್ದಾನೆ. ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ, ದಯವಿಟ್ಟು ಕತ್ತರಿಸದೆ ಹಾಕಿ.

ಶೇ 96 ಅನ್ನೋದು ನೀವು ಖಾತೆಗೆ ಹಾಕಿದ ಸಾವಿರದ ಮೇಲಿನ ಲೆಕ್ಕ ಅಲ್ಲ. ಪ್ರತಿ ಸಲ ಬಟನ್ ಒತ್ತಿದಾಗ ಪಣಕ್ಕೆ ಬೀಳುವ ದುಡ್ಡಿನ ಮೇಲಿನ ಲೆಕ್ಕ. ಚಿಲ್ಲರೆ ಕೊಡುವವನೊಬ್ಬ ನೀವು ಕೊಟ್ಟ ನೂರಕ್ಕೆ ನಾಲ್ಕು ಹಿಡಿದುಕೊಂಡು 96 ವಾಪಸ್ ಕೊಡುತ್ತಾನೆ ಅಂದುಕೊಳ್ಳಿ. ನೀವು ಆ 96ನ್ನು ಜೇಬಿಗೆ ಇಟ್ಟುಕೊಂಡು ಮನೆಗೆ ಹೋದರೆ ನಾಲ್ಕೇ ಹೋಯಿತು. ಆದರೆ ಸ್ಲಾಟ್ ಆಡುವವರು ಯಾರೂ ಹಾಗೆ ಮಾಡುವುದಿಲ್ಲ. ಆ 96ನ್ನು ಮತ್ತೆ ಅವನ ಕೈಗೇ ಕೊಡುತ್ತಾರೆ, ಅವನು ಅದರಲ್ಲಿ ಮತ್ತೆ ನೂರಕ್ಕೆ ನಾಲ್ಕು ಹಿಡಿಯುತ್ತಾನೆ, ಉಳಿದದ್ದನ್ನು ಮತ್ತೆ ಕೊಡುತ್ತಾರೆ. ಸಾವಿರ ರೂಪಾಯಿಯನ್ನು ಹೀಗೆ ಹದಿನೇಳು ಸಲ ತಿರುಗಿಸಿದರೆ ಸರಾಸರಿ ಐನೂರು ಉಳಿಯುತ್ತದೆ. ಸಾವಿರ ರೂಪಾಯಿ ಹದಿನೇಳು ಸಲ ತಿರುಗೋಕೆ ದಿನಗಟ್ಟಲೆ ಬೇಕಾಗಿಲ್ಲ, ಒಂದು ಸಂಜೆ ಸಾಕು.

ಲೆಕ್ಕ ಹಾಕಿ ನೋಡಿ. ಒಂದು ಸುತ್ತಿಗೆ ಹತ್ತು ರೂಪಾಯಿ ಇಡುತ್ತೀರಿ, ನಿಮಿಷಕ್ಕೆ ಹತ್ತು ಸುತ್ತು. ಇದೇನೂ ಅವಸರದ ಆಟ ಅಲ್ಲ, ಆರು ಸೆಕೆಂಡಿಗೆ ಒಂದು ಸಲ ಬಟನ್ ಒತ್ತಿದ ಹಾಗೆ. ಗಂಟೆಗೆ 600 ಸುತ್ತು ಆಯಿತು. ಪಣಕ್ಕೆ ಬಿದ್ದದ್ದು 6,000 ರೂಪಾಯಿ. ಅದರಲ್ಲಿ ಶೇ 4 ಅಂದರೆ 240. ನಿಮ್ಮ ಖಾತೆಯಲ್ಲಿ ಇದ್ದದ್ದು ಒಂದೇ ಸಾವಿರ, ಆದರೆ ಅದೇ ಸಾವಿರ ತಿರುಗಿ ತಿರುಗಿ ಆರು ಸಾವಿರದ ಆಟ ಆಡಿದೆ. ಆಟದ ಬೆಲೆ ಗಂಟೆಗೆ 240 ರೂಪಾಯಿ. ಎರಡು ಗಂಟೆ ಕೂತರೆ 480. ನಲವತ್ತು ಎಲ್ಲಿ, ನಾನೂರ ಎಂಬತ್ತು ಎಲ್ಲಿ?

ಇದು ಸರಾಸರಿ ಲೆಕ್ಕ ಅನ್ನೋದನ್ನೂ ಮರೆಯಬೇಡಿ. ಆ ಶೇ 96 ಎಲ್ಲ ಆಟಗಾರರೂ ಸೇರಿ ಆಡಿದ ಲಕ್ಷಾಂತರ, ಕೋಟ್ಯಂತರ ಸುತ್ತುಗಳ ಸರಾಸರಿ. ಅದರೊಳಗೆ ಯಾರೋ ಒಬ್ಬರಿಗೆ ಬಿದ್ದ ದೊಡ್ಡ ಮೊತ್ತವೂ ಸೇರಿದೆ. ನಿಮ್ಮ ಒಂದು ಸಂಜೆಯಲ್ಲಿ ಸಾವಿರ ಮೂರು ಸಾವಿರ ಆಗಬಹುದು, ಇಪ್ಪತ್ತು ನಿಮಿಷದಲ್ಲಿ ಸೊನ್ನೆಯೂ ಆಗಬಹುದು.

ನನ್ನ ಆಟಕ್ಕೆ ಇದೇ ಲೆಕ್ಕ ಹಾಕುತ್ತೇನೆ. ಒಂದು ಸುತ್ತಿಗೆ 10 ಪೆನ್ಸ್ (ನೂರು ಪೆನ್ಸ್‌ಗೆ ಒಂದು ಪೌಂಡ್). ಗಂಟೆಗೆ ಸುಮಾರು 500 ಸುತ್ತು. ಪಣಕ್ಕೆ ಬೀಳುವುದು 50 ಪೌಂಡ್, ಬೆಲೆ 2 ಪೌಂಡ್. ಒಂದು ಗಂಟೆ ಮನರಂಜನೆಗೆ ಎರಡು ಪೌಂಡ್ ಕೊಡೋಕೆ ನಾನು ತಯಾರಿದ್ದೇನೆ. ಹತ್ತು ಪೌಂಡ್ ಪೂರ್ತಿ ಹೋದ ರಾತ್ರಿಗಳೂ ಇವೆ, ಅದನ್ನೂ ಒಪ್ಪಿಕೊಂಡೇ ಕೂರುತ್ತೇನೆ. ಆದರೆ ಅದೇ ಆಟವನ್ನು ಒಂದು ಪೌಂಡ್ ಪಣದಲ್ಲಿ ಆಡಿದರೆ ಗಂಟೆಗೆ ಇಪ್ಪತ್ತು ಪೌಂಡ್. ಅಷ್ಟು ಕೊಟ್ಟು ಆಡುವಂಥದ್ದು ಅದರಲ್ಲಿ ಏನೂ ಇಲ್ಲ. ಚಿತ್ರ ಅದೇ, ಸದ್ದು ಅದೇ, ಖುಷಿಯೂ ಅದೇ. ಹಾಗಾಗಿ ಸುಮ್ನೆ ಖುಷಿಗೆ ಆಡುವವರಿಗೆ ದುಡ್ಡಿಗೆ ತಕ್ಕ ಆಟ ಅಂದರೆ ನನ್ನ ಪ್ರಕಾರ ಇಷ್ಟೇ: ಕಡಿಮೆ ಪಣ, ನಿಧಾನದ ಆಟ, ನೂರಕ್ಕೆ ಹೆಚ್ಚು ವಾಪಸ್ ಕೊಡುವ ಆಟ, ಅಂದರೆ ಹೆಚ್ಚಿನ ಆರ್‌ಟಿಪಿ. ಗೆಲ್ಲಿಸುವ ಸ್ಲಾಟ್ ಅಂತ ಒಂದು ಇಲ್ಲವೇ ಇಲ್ಲ. ಅದನ್ನು ಹುಡುಕೋದನ್ನು ಬಿಟ್ಟರೆ ಅರ್ಧ ದುಡ್ಡು ಅಲ್ಲೇ ಉಳಿಯುತ್ತದೆ.

ಆರ್‌ಟಿಪಿ ಅಂದರೆ ಇದೇ ಶೇ 96, 94 ಅಂತ ಬರೆದಿರುವ ಸಂಖ್ಯೆ. ಇದರಲ್ಲಿ ಬಹಳ ಜನರಿಗೆ ಗೊತ್ತಿಲ್ಲದ ಒಂದು ವಿಷಯ ಇದೆ. ಒಂದೇ ಹೆಸರಿನ, ಒಂದೇ ಚಿತ್ರದ ಆಟಕ್ಕೆ ಒಂದಕ್ಕಿಂತ ಹೆಚ್ಚು ಆರ್‌ಟಿಪಿ ಇರಬಹುದು. ಆಟ ತಯಾರಿಸುವ ಕಂಪನಿ ಹಲವು ಆವೃತ್ತಿ ಮಾಡಿ ಕೊಡುತ್ತದೆ, ಯಾವುದನ್ನು ಇಡಬೇಕು ಅಂತ ಸೈಟಿನವರು ಆರಿಸಿಕೊಳ್ಳುತ್ತಾರೆ. ಬುಕ್ ಆಫ್ ಡೆಡ್ ಅಂತ ಬಹಳ ಜನ ಆಡುವ ಸ್ಲಾಟ್ ಇದೆ. ಅದರಲ್ಲಿ 96.21ರ ಆವೃತ್ತಿ ಇದೆ, 94.25ರದ್ದು ಇದೆ, 91.25ರದ್ದೂ ಇದೆ. ಹೊರಗಿನಿಂದ ನೋಡಿದರೆ ಒಂದು ಕೂದಲಷ್ಟೂ ವ್ಯತ್ಯಾಸ ಕಾಣುವುದಿಲ್ಲ. ಅಂತರ್ಜಾಲದಲ್ಲಿ ಎಲ್ಲೋ ಪಟ್ಟಿ ನೋಡಿ, ಈ ಆಟಕ್ಕೆ 96 ಇದೆ ಅಂತ ನಂಬಿ ಬೇರೆ ಸೈಟಿನಲ್ಲಿ ಕೂತರೆ ನೀವು 91ರ ಆಟ ಆಡುತ್ತಿರಬಹುದು. ಲೆಕ್ಕ ಸುಲಭವಾಗಲಿ ಅಂತ 96 ಮತ್ತು 92 ಅಂತ ಇಟ್ಟುಕೊಳ್ಳಿ, ನಾಲ್ಕೇ ತಾನೇ ವ್ಯತ್ಯಾಸ ಅನ್ನಿಸುತ್ತೆ, ಅಲ್ವಾ? ಆದರೆ ನೀವು ಕೊಡುವ ಬೆಲೆ ಆ ಸಂಖ್ಯೆ ಅಲ್ಲ, ನೂರಕ್ಕೆ ಅದು ಎಷ್ಟು ಕಡಿಮೆ ಇದೆಯೋ ಅದು. ಒಂದು ಕಡೆ ನಾಲ್ಕು, ಇನ್ನೊಂದು ಕಡೆ ಎಂಟು. ಬೆಲೆ ಡಬಲ್. ಹತ್ತು ರೂಪಾಯಿ ಪಣದಲ್ಲಿ ಗಂಟೆಗೆ 240 ಇದ್ದದ್ದು 480 ಆಯಿತು. ಅಕ್ಕಿ ಬೆಲೆ ಹೀಗೆ ಅಂಗಡಿಯಿಂದ ಅಂಗಡಿಗೆ ಎರಡು ಪಟ್ಟು ಆದರೆ ನಾವು ಸುಮ್ಮನೆ ಇರುತ್ತೇವಾ?

ಅದಕ್ಕೆ ಆಟ ತೆರೆದ ಕೂಡಲೇ ಮೊದಲು ನೋಡಬೇಕಾದದ್ದು ಸಹಾಯದ ಪುಟ. ಮೂಲೆಯಲ್ಲಿ ಮೂರು ಗೆರೆಯೋ, ಪ್ರಶ್ನೆ ಚಿಹ್ನೆಯೋ ಇರುತ್ತದೆ. ಅದರೊಳಗೆ ಕೊನೇ ಕಡೆ ಆ ಸೈಟಿನಲ್ಲಿ ಇಟ್ಟಿರುವ ಆವೃತ್ತಿಯ ಆರ್‌ಟಿಪಿ ಬರೆದಿರುತ್ತಾರೆ. ನಾನು ಪ್ರತಿ ಸಲ ನೋಡುತ್ತೇನೆ, ಹೋದ ತಿಂಗಳು ಆಡಿದ ಆಟವೇ ಆದರೂ. ಈಗಂತೂ ಇನ್ನೂ ಜಾಸ್ತಿ ಗಮನ ಬೇಕು. ಬ್ರಿಟನ್ ಸರ್ಕಾರ ಆನ್‌ಲೈನ್ ಕ್ಯಾಸಿನೊ ಆಟಗಳ ಮೇಲಿನ ತೆರಿಗೆಯನ್ನು 2026ರ ಏಪ್ರಿಲ್‌ನಿಂದ ಶೇ 21ರಿಂದ ಶೇ 40ಕ್ಕೆ ಏರಿಸುವುದಾಗಿ 2025ರ ನವೆಂಬರ್ ಬಜೆಟ್‌ನಲ್ಲಿ ಹೇಳಿತು. ಹೊರೆ ಬಿದ್ದ ಸೈಟಿನವರಿಗೆ ಕಡಿಮೆ ಆವೃತ್ತಿ ಇಡುವುದೇ ಸುಲಭದ ದಾರಿ. ಬಾಗಿಲ ಮೇಲೆ ಬೋರ್ಡ್ ಹಾಕಿ ಯಾರೂ ಹೇಳುವುದಿಲ್ಲ. ಆ ಸಹಾಯದ ಪುಟದಲ್ಲಿ ಮಾತ್ರ ಗೊತ್ತಾಗುತ್ತದೆ.

ದೊಡ್ಡ ಜಾಕ್‌ಪಾಟ್ ಇರುವ ಆಟಗಳ ಕಥೆ ಬೇರೆ. ಮೆಗಾ ಮೂಲಾ ಅನ್ನೋ ಆಟದಲ್ಲಿ 2015ರಲ್ಲಿ ಒಬ್ಬ ಬ್ರಿಟಿಷ್ ಸೈನಿಕನಿಗೆ 25 ಪೆನ್ಸ್ ಪಣದಲ್ಲಿ 1 ಕೋಟಿ 32 ಲಕ್ಷ ಪೌಂಡ್ ಬಿತ್ತು. ಇದು ನಿಜ. ಆದರೆ ಆ ಆಟದ ಮೂಲ ಆರ್‌ಟಿಪಿ ಸುಮಾರು ಶೇ 88. ಅಂದರೆ ಜಾಕ್‌ಪಾಟ್ ಬೀಳದ ಉಳಿದ ಎಲ್ಲರೂ ನೂರಕ್ಕೆ ಹನ್ನೆರಡರಷ್ಟು ಕೊಟ್ಟು ಆಡುತ್ತಿದ್ದಾರೆ. ಅದು ಲಾಟರಿ ಟಿಕೆಟ್, ಸಂಜೆ ಹೊತ್ತಿನ ಆಟ ಅಲ್ಲ. ಒಂದು ಗಂಟೆ ಖುಷಿಯಾಗಿ ಕಳೆಯಬೇಕು ಅನ್ನುವವರು ಅದರ ಹತ್ತಿರ ಹೋಗದೇ ಇರುವುದು ಒಳ್ಳೆಯದು.

ಒಂದೇ ಆರ್‌ಟಿಪಿ ಇದ್ದರೂ ಎರಡು ಆಟಗಳ ಸ್ವಭಾವ ಒಂದೇ ಇರುವುದಿಲ್ಲ. ಇದನ್ನು ವೋಲಟಿಲಿಟಿ ಅನ್ನುತ್ತಾರೆ. ನಮ್ಮ ಕಡೆಯವರಿಗೆ ಇದನ್ನು ಹೇಳೋದು ಸುಲಭ. ಒಂದು, ಭದ್ರಾ ನಾಲೆ ನೀರು ಹರಿಯುವ ಗದ್ದೆ. ಇನ್ನೊಂದು, ಜಗಳೂರು ಕಡೆಯ ಮಳೆ ನೆಚ್ಚಿದ ಹೊಲ. ಮೊದಲನೆಯದರಲ್ಲಿ ಸಣ್ಣ ಸಣ್ಣ ಗೆಲುವು ಆಗಾಗ ಬರುತ್ತಾ ಇರುತ್ತದೆ. ಎರಡನೆಯದರಲ್ಲಿ ನೂರು ಸುತ್ತು ಒಣಗಿ ಹೋಗುತ್ತದೆ, ಯಾವಾಗಲೋ ಒಮ್ಮೆ ಬಂದರೆ ಜೋರಾಗಿ ಬರುತ್ತದೆ. ಹತ್ತು ಪೌಂಡ್ ಹಿಡಿದು ಕೂತವನಿಗೆ ಮೊದಲನೆಯದೇ ಸರಿ. ಸ್ಟಾರ್‌ಬರ್ಸ್ಟ್ ಅಂತ ಹಳೆಯ ಆಟ ಒಂದಿದೆ, ಅದರ ಮೊದಲಿನ ಆರ್‌ಟಿಪಿ 96.09, ಏರಿಳಿತ ಕಡಿಮೆ. ದೊಡ್ಡ ಗೆಲುವೂ ಇಲ್ಲ, ಆದರೆ ಹತ್ತು ಪೌಂಡ್‌ಗೆ ಹೊತ್ತು ಹೋಗುತ್ತದೆ.

ಇನ್ನೊಂದು ಮಾತು ಆ ಓದುಗರ ಪತ್ರದಲ್ಲಿತ್ತು. ಬಹಳ ಹೊತ್ತು ಕೊಡದ ಆಟ ಕೊಡೋಕೆ ಹತ್ತಿರ ಬಂದಿರುತ್ತದೆ, ಅಂಥದ್ದನ್ನು ನೋಡಿ ಕೂರಬೇಕು ಅಂತ. ಇದು ಎಲ್ಲಿಂದ ಹುಟ್ಟಿದ ನಂಬಿಕೆ ಅಂತ ನನಗೆ ಇಲ್ಲಿಗೆ ಬಂದ ಮೇಲೆ ಗೊತ್ತಾಯಿತು. ಬ್ರಿಟನ್ನಿನ ಪಬ್‌ಗಳಲ್ಲಿ ಗೋಡೆಗೆ ತಾಗಿ ನಿಂತಿರುವ ಹಣ್ಣಿನ ಚಿತ್ರದ ಯಂತ್ರಗಳಿವೆ, ಹೆಚ್ಚೆಂದರೆ ಒಂದು ಪೌಂಡ್ ಪಣ, ನೂರು ಪೌಂಡ್ ಬಹುಮಾನ. ಅವುಗಳಲ್ಲಿ ಎಷ್ಟೋ ಯಂತ್ರಗಳು ನಿಜಕ್ಕೂ ಹಿಂದಿನ ಆಟವನ್ನು ನೆನಪಿಟ್ಟುಕೊಳ್ಳುತ್ತವೆ. ನಿಗದಿ ಮಾಡಿದ ಶೇಕಡಾವಾರಿಗೆ ಹೊಂದಿಸಿಕೊಂಡು ಕೊಡುತ್ತವೆ, ಹಿಂದಿನ ಆಟದ ಪ್ರಭಾವ ಇರಬಹುದು ಅಂತ ಯಂತ್ರದ ಮೇಲೇ ಬರೆದಿರಬೇಕು ಅನ್ನುವ ನಿಯಮವೂ ಇದೆ. ಅಲ್ಲಿ ಪಕ್ಕದಲ್ಲಿ ಬಿಯರ್ ಹಿಡಿದು ಕಾಯುತ್ತಾ ನಿಲ್ಲುವವರಿಗೆ ಒಂದು ಅರ್ಥ ಇತ್ತು. ಆನ್‌ಲೈನ್ ಸ್ಲಾಟ್ ಹಾಗಲ್ಲ. ಪ್ರತಿ ಸುತ್ತಿನ ಫಲಿತಾಂಶವನ್ನೂ ಯಾದೃಚ್ಛಿಕ ಸಂಖ್ಯೆ ಹುಟ್ಟಿಸುವ ಪ್ರೋಗ್ರಾಂ ಹೊಸದಾಗಿ ತೀರ್ಮಾನಿಸುತ್ತದೆ. ಹಿಂದೆ ನೂರು ಸಲ ಸೋತಿದ್ದೀರಿ ಅನ್ನೋದು ಅದಕ್ಕೆ ಗೊತ್ತೇ ಇಲ್ಲ. ಬೆಳಿಗ್ಗೆ, ಸಂಜೆ, ಅಮಾವಾಸ್ಯೆ, ಹುಣ್ಣಿಮೆ ಯಾವುದೂ ಇಲ್ಲ. ಕೊಡೋಕೆ ಹತ್ತಿರ ಬಂದಿದೆ ಅಂತ ಪಣ ಏರಿಸಿದವರು ಗಂಟೆಯ ಬೆಲೆ ಏರಿಸಿಕೊಂಡರು, ಅಷ್ಟೇ ಆಗುವುದು.

ಈಗ ಬೋನಸ್. ಇದು ನನ್ನ ಕೈ ಸುಟ್ಟ ಜಾಗ. ಕೆಲವು ವರ್ಷದ ಹಿಂದೆ ಒಂದು ಸೈಟಿನವರು 50 ಪೌಂಡ್ ಹಾಕಿದರೆ ಇನ್ನೂ 50 ಉಚಿತ ಅಂದರು. ಉಚಿತ ಅಂದ ಕೂಡಲೇ ಹಾಕಿದೆ. ಕೆಳಗೆ ಸಣ್ಣ ಅಕ್ಷರದಲ್ಲಿ, ಎರಡೂ ಸೇರಿದ ಮೊತ್ತವನ್ನು 35 ಸಲ ಆಡಿದ ಮೇಲೆ ಮಾತ್ರ ತೆಗೆಯಬಹುದು ಅಂತ ಇತ್ತು. ನೂರರ 35 ಪಟ್ಟು ಅಂದರೆ 3,500 ಪೌಂಡ್ ಪಣ. ಅದರ ಶೇ 4 ಅಂದರೆ 140 ಪೌಂಡ್. ಐವತ್ತು ಪೌಂಡ್ ಉಚಿತ ಪಡೆಯೋಕೆ ಸರಾಸರಿ ನೂರ ನಲವತ್ತು ಪೌಂಡ್ ಬೆಲೆ! ನಾನು 50 ಪೆನ್ಸ್ ಪಣದಲ್ಲಿ ಆಡಿದೆ, ಅಷ್ಟನ್ನೂ ಮುಗಿಸೋಕೆ 7,000 ಸುತ್ತು ಬೇಕು, ಅಂದರೆ ಹದಿನಾಲ್ಕು ಗಂಟೆ. ಮೂರು ವಾರ ರಾತ್ರಿ ನಿದ್ದೆ ಬಿಟ್ಟು ಕೂತೆ. ಅರ್ಧ ದಾರಿಗೇ ಉಚಿತದ್ದೂ ಹೋಯಿತು, ನನ್ನದೂ ಹೋಯಿತು. ದುಡ್ಡಿಗಿಂತ ಜಾಸ್ತಿ ಬೇಸರ ಆಗಿದ್ದು ಆ ಮೂರು ವಾರ ನಾನು ಖುಷಿಗೆ ಆಡಲಿಲ್ಲ, ಕೂಲಿ ಕೆಲಸದ ಹಾಗೆ ಆಡಿದೆ ಅನ್ನೋದಕ್ಕೆ.

ಈಗ ಇಲ್ಲಿ ನಿಯಮ ಬದಲಾಗಿದೆ. 2026ರ ಜನವರಿ 19ರಿಂದ ಬೋನಸ್ ಮೊತ್ತದ ಹತ್ತು ಪಟ್ಟಿಗಿಂತ ಹೆಚ್ಚು ಆಡಿಸುವ ಹಾಗಿಲ್ಲ. ಐವತ್ತು ಪೌಂಡ್ ಬೋನಸ್ಸಿಗೆ 500 ಪೌಂಡ್ ಪಣ, ಬೆಲೆ 20 ಪೌಂಡ್. ಐವತ್ತಕ್ಕೆ ಇಪ್ಪತ್ತು ಅಂದರೆ ಈಗ ಅದಕ್ಕೆ ಒಂದು ಅರ್ಥ ಇದೆ. ಆದರೂ ಓದಿ ನೋಡಿ, ಎಷ್ಟು ದಿನದಲ್ಲಿ ಮುಗಿಸಬೇಕು, ಯಾವ ಆಟ ಲೆಕ್ಕಕ್ಕೆ ಬರುತ್ತದೆ, ಗೆದ್ದದ್ದರಲ್ಲಿ ಎಷ್ಟರವರೆಗೆ ತೆಗೆಯಬಹುದು ಅಂತ.

ಇಲ್ಲಿ ಆಟ ಒಂದಿಷ್ಟಾದರೂ ನ್ಯಾಯವಾಗಿ ಇದ್ದರೆ ಅದು ಸೈಟಿನವರ ಒಳ್ಳೆಯತನದಿಂದ ಅಲ್ಲ. ಮೇಲೆ ಒಬ್ಬರು ಕೂತು ನೋಡುತ್ತಿದ್ದಾರೆ. 2005ರ ಜೂಜು ಕಾಯ್ದೆಯ ಕೆಳಗೆ ಗ್ಯಾಂಬ್ಲಿಂಗ್ ಕಮಿಷನ್ ಅಂತ ಇದೆ. ಬ್ರಿಟನ್ನಿನ ಜನರಿಗೆ ಆಟ ಕೊಡಬೇಕಾದರೆ ಕಂಪನಿ ಯಾವ ದೇಶದಲ್ಲೇ ಇರಲಿ ಅದರ ಲೈಸೆನ್ಸ್ ಬೇಕು ಅಂತ 2014ರಲ್ಲಿ ಕಾನೂನು ಮಾಡಿದರು. ಲೈಸೆನ್ಸ್ ಸಂಖ್ಯೆ ಪುಟದ ತಳದಲ್ಲಿ ಇರುತ್ತದೆ, ಕಮಿಷನ್ನಿನ ಪಟ್ಟಿಯಲ್ಲಿ ಯಾರು ಬೇಕಾದರೂ ಹುಡುಕಿ ನೋಡಬಹುದು. ಕ್ರೆಡಿಟ್ ಕಾರ್ಡಿನಲ್ಲಿ ಜೂಜಾಡುವುದನ್ನು 2020ರ ಏಪ್ರಿಲ್‌ನಲ್ಲಿ ನಿಲ್ಲಿಸಿದರು. 2021ರ ಅಕ್ಟೋಬರ್ 31ರಿಂದ ಸ್ಲಾಟಿನ ಒಂದು ಸುತ್ತು ಎರಡೂವರೆ ಸೆಕೆಂಡಿಗಿಂತ ಬೇಗ ಮುಗಿಯುವ ಹಾಗಿಲ್ಲ. ತಾನಾಗಿಯೇ ತಿರುಗುತ್ತಾ ಹೋಗುವ ಆಟೋಪ್ಲೇ ಬಂದ್. ಆಡುತ್ತಾ ಎಷ್ಟು ಹೊತ್ತಾಯಿತು, ಎಷ್ಟು ಹೋಯಿತು ಅನ್ನೋದು ಪರದೆ ಮೇಲೆ ಕಾಣಬೇಕು. ಇದೇ ಪಟ್ಟಿಯಲ್ಲಿ ನನಗೆ ತುಂಬಾ ಇಷ್ಟವಾದ ನಿಯಮ ಒಂದಿದೆ. ಒಂದು ಪೌಂಡ್ ಇಟ್ಟು ಮೂವತ್ತು ಪೆನ್ಸ್ ಬಂದಾಗ ಗಂಟೆ ಬಾರಿಸಿ, ಬಣ್ಣ ಚೆಲ್ಲಿ, ಗೆದ್ದಿರಿ ಅನ್ನುವ ಹಾಗಿಲ್ಲ. ಎಪ್ಪತ್ತು ಪೆನ್ಸ್ ಕಳೆದುಕೊಂಡವನಿಗೆ ಶಭಾಷ್ ಹೇಳುವುದು ಮೋಸವೇ ಅಲ್ವಾ? ಎಷ್ಟು ವರ್ಷ ಹಾಗೇ ನಡೆದಿತ್ತು.

2025ರ ಏಪ್ರಿಲ್ 9ರಿಂದ ಒಂದು ಸುತ್ತಿಗೆ 5 ಪೌಂಡ್‌ಗಿಂತ ಹೆಚ್ಚು ಇಡುವಂತಿಲ್ಲ. 18ರಿಂದ 24 ವರ್ಷದವರಿಗೆ ಆ ವರ್ಷದ ಮೇ 21ರಿಂದ 2 ಪೌಂಡ್ ಮಿತಿ. ಇದು ಸಾಕು ಅಂತ ನಾನು ಹೇಳುವುದಿಲ್ಲ. ಐದು ಪೌಂಡ್ ಪಣದಲ್ಲಿ ಗಂಟೆಗೆ 500 ಸುತ್ತು ಆಡಿದರೆ ಈಗಲೂ ಸರಾಸರಿ ನೂರು ಪೌಂಡ್ ಹೋಗುತ್ತದೆ. ಇಷ್ಟೆಲ್ಲ ಇದ್ದೂ ಇಲ್ಲಿ ಜೂಜಿನಿಂದ ಮನೆ ಹಾಳಾದವರಿದ್ದಾರೆ. ಕೈ ತಡೆಯದವರಿಗೆ ಗ್ಯಾಮ್‌ಸ್ಟಾಪ್ ಅಂತ ಒಂದು ವ್ಯವಸ್ಥೆ ಇದೆ, ಒಂದು ಸಲ ಹೆಸರು ಕೊಟ್ಟರೆ ಆರು ತಿಂಗಳೋ, ಒಂದು ವರ್ಷವೋ, ಐದು ವರ್ಷವೋ ಲೈಸೆನ್ಸ್ ಇರುವ ಎಲ್ಲ ಸೈಟುಗಳೂ ಬಾಗಿಲು ಹಾಕುತ್ತವೆ. ನನಗೆ ಗೊತ್ತಿರುವ ಒಬ್ಬರು ಹಾಗೆ ಮಾಡಿಕೊಂಡು ಉಳಿದಿದ್ದಾರೆ.

ಈಗ ನನ್ನ ತಮ್ಮನ ಮಗನ ವಿಷಯ. ಅವನಿಗೆ 23 ವರ್ಷ, ಊರಲ್ಲೇ ಮೊಬೈಲ್ ಅಂಗಡಿಯಲ್ಲಿ ಕೆಲಸ. ಎರಡು ತಿಂಗಳ ಹಿಂದೆ ಒಂದು ರಾತ್ರಿ ವಾಟ್ಸ್‌ಆ್ಯಪ್‌ನಲ್ಲಿ ಒಂದು ಚಿತ್ರ ಕಳಿಸಿ, "ದೊಡ್ಡಪ್ಪಾ, ನೀವು ಆಡ್ತೀರಲ್ಲ, ಇದು ಒಳ್ಳೇ ಸ್ಲಾಟಾ?" ಅಂತ ಕೇಳಿದ. ನೋಡಿದರೆ ಯಾವುದೋ ಆ್ಯಪ್. ಆಟದ ಹೆಸರು, ಚಿತ್ರ ಎಲ್ಲ ನಾನು ಇಲ್ಲಿ ನೋಡಿದ್ದೇ. ಆರ್‌ಟಿಪಿ ಎಲ್ಲಿದೆ ತೋರಿಸು ಅಂದೆ. ಇಲ್ಲ. ಲೈಸೆನ್ಸ್ ಯಾರದ್ದು ನೋಡು ಅಂದೆ. ಇಲ್ಲ. ಕಂಪನಿಯ ವಿಳಾಸ? ಅದೂ ಇಲ್ಲ, ಒಂದು ಟೆಲಿಗ್ರಾಂ ನಂಬರ್ ಮಾತ್ರ. ದುಡ್ಡು ಹೇಗೆ ಹಾಕ್ತೀಯ ಅಂದರೆ, "ಯುಪಿಐ ದೊಡ್ಡಪ್ಪಾ, ಪ್ರತಿ ಸಲ ಬೇರೆ ಬೇರೆ ಹೆಸರು ಬರುತ್ತೆ" ಅಂದ. ಅಲ್ಲೇ ನನಗೆ ಎದೆ ಧಸಕ್ ಅಂತು.

ಅಷ್ಟು ಹೊತ್ತಿಗೆ ಅವನು 6,500 ರೂಪಾಯಿ ಹಾಕಿ ಆಗಿತ್ತು. ಪರದೆ ಮೇಲೆ ಅವನ ಲೆಕ್ಕದಲ್ಲಿ 41,000 ಇತ್ತು. ತೆಗೆಯೋಕೆ ಹೋದರೆ, ಮೊದಲು 8,200 ರೂಪಾಯಿ ತೆರಿಗೆ ಕಟ್ಟಿ, ಆಮೇಲೆ ಪೂರ್ತಿ ಕೊಡುತ್ತೇವೆ ಅಂದಿದ್ದರು. "ಕಟ್ಟಲಾ ದೊಡ್ಡಪ್ಪಾ? ನಲವತ್ತೊಂದು ಸಾವಿರ ಬರುತ್ತಲ್ಲ" ಅಂದ. "ಬೇಡ ಕಣಪ್ಪಾ, ಅದು ದುಡ್ಡಲ್ಲ, ಪರದೆ ಮೇಲೆ ಬರೆದಿರೋ ಅಂಕಿ" ಅಂದೆ. ತೆರಿಗೆ ಇದ್ದರೆ ಗೆದ್ದ ದುಡ್ಡಿನಲ್ಲೇ ಹಿಡಿದು ಕೊಡುತ್ತಾರೆ, ಮೊದಲು ನೀನೇ ಕಟ್ಟು ಅನ್ನುವವರು ಕಳ್ಳರು. ಅವನು ಅರ್ಧ ಗಂಟೆ ವಾದ ಮಾಡಿದ. ದೊಡ್ಡಪ್ಪನೇ ಆಡುತ್ತಾರೆ, ನನಗೆ ಮಾತ್ರ ಬೇಡ ಅನ್ನುತ್ತಾರೆ ಅಂತ ಅವನಿಗೆ ಅನ್ನಿಸಿದ್ದರೆ ತಪ್ಪಿಲ್ಲ. ಕೊನೆಗೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ ದೂರು ಕೊಟ್ಟ. ಇನ್ನೂ ದುಡ್ಡು ವಾಪಸ್ ಬಂದಿಲ್ಲ. ನನ್ನ ತಮ್ಮ ಒಂದು ವಾರ ಮಗನ ಹತ್ತಿರ ಮಾತಾಡಲಿಲ್ಲ, ನನ್ನ ಹತ್ತಿರವೂ ಸರಿಯಾಗಿ ಮಾತಾಡಲಿಲ್ಲ.

ಹುಬ್ಬಳ್ಳಿಯ ಓದುಗರು ಹೇಳುವ ಶೇ 96 ಇಲ್ಲಿ ಎಲ್ಲಿದೆ? ಆ ಸಂಖ್ಯೆಗೆ ಬೆಲೆ ಬರುವುದು ಅದನ್ನು ಪರೀಕ್ಷೆ ಮಾಡುವ ಪ್ರಯೋಗಾಲಯ ಇದ್ದಾಗ, ಸುಳ್ಳು ಹೇಳಿದರೆ ಲೈಸೆನ್ಸ್ ಕಿತ್ತುಕೊಳ್ಳುವ ಸಂಸ್ಥೆ ಇದ್ದಾಗ, ಜಗಳ ಬಂದರೆ ದೂರು ಕೊಡೋಕೆ ಒಂದು ಜಾಗ ಇದ್ದಾಗ. ಇದ್ಯಾವುದೂ ಇಲ್ಲದ ಆ್ಯಪ್‌ನಲ್ಲಿ 96 ಅಂತ ಬರೆದರೂ ಒಂದೇ, 99 ಅಂತ ಬರೆದರೂ ಒಂದೇ. ದುಗ್ಗಮ್ಮನ ಜಾತ್ರೆಯಲ್ಲಿ ರಿಂಗ್ ಎಸೆಯುವ ಆಟದವನನ್ನಾದರೂ ಮರುದಿನ ಹೋಗಿ ಹಿಡಿದುಕೊಳ್ಳಬಹುದು, ಇವರನ್ನು ಎಲ್ಲಿ ಅಂತ ಹುಡುಕೋದು?

ಇನ್ನು ನಿಷೇಧದ ಮಾತು. ನಮ್ಮ ದೇಶದಲ್ಲಿ ಸ್ಲಾಟ್ ಪರ ವಾದ ಮಾಡೋಕೆ ಮೊದಲಿನಿಂದಲೂ ಜಾಗ ಕಡಿಮೆ. 1957ರಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ಒಂದು ದೊಡ್ಡ ತೀರ್ಪಿಗೆ ನಮ್ಮ ಬೆಂಗಳೂರಿನ ನಂಟೇ ಇದೆ. ಬೆಂಗಳೂರಿನಲ್ಲಿ ಅಚ್ಚಾಗುತ್ತಿದ್ದ ಸ್ಪೋರ್ಟಿಂಗ್ ಸ್ಟಾರ್ ಅನ್ನೋ ವಾರಪತ್ರಿಕೆಯ ಮೂಲಕ ನಡೆಯುತ್ತಿದ್ದ ಪದಬಂಧ ಸ್ಪರ್ಧೆಗೆ ಬೊಂಬಾಯಿ ಸರ್ಕಾರ ತೆರಿಗೆ ಹಾಕಿದ್ದರ ಮೇಲಿನ ಕೇಸು ಅದು. ಜೂಜು ಸಂವಿಧಾನ ಕಾಪಾಡುವ ವ್ಯಾಪಾರ ಅಲ್ಲ ಅಂತ ಕೋರ್ಟ್ ಹೇಳಿತು. ಅಲ್ಲಿಂದ ಮುಂದೆ ಎಲ್ಲ ವಾದವೂ ಇದು ಕೌಶಲದ ಆಟವೋ, ಅದೃಷ್ಟದ ಆಟವೋ ಅನ್ನೋದರ ಸುತ್ತಲೇ ನಡೆಯಿತು. ದುಡ್ಡಿನ ಆನ್‌ಲೈನ್ ಆಟ ನಿಲ್ಲಿಸೋಕೆ ನಮ್ಮ ರಾಜ್ಯ 2021ರಲ್ಲಿ ತಂದ ತಿದ್ದುಪಡಿಯ ಮುಖ್ಯ ಭಾಗಗಳನ್ನು ಹೈಕೋರ್ಟ್ 2022ರ ಫೆಬ್ರವರಿ 14ರಂದು ರದ್ದು ಮಾಡಿದ್ದೂ ಕೌಶಲದ ಆಟಗಳ ಕಾರಣಕ್ಕೆ. ಸ್ಲಾಟ್‌ನಲ್ಲಿ ಯಾವ ಕೌಶಲ ಇದೆ? ಬಟನ್ ಒತ್ತೋದು ಬಿಟ್ಟರೆ ಏನೂ ಇಲ್ಲ. ಈಗಂತೂ 2025ರ ಆಗಸ್ಟ್ 22ರಂದು ರಾಷ್ಟ್ರಪತಿ ಅಂಕಿತ ಬಿದ್ದ ಆನ್‌ಲೈನ್ ಗೇಮಿಂಗ್ ಕಾಯ್ದೆಯಲ್ಲಿ ಕೌಶಲ, ಅದೃಷ್ಟ ಅನ್ನೋ ಭೇದವನ್ನೇ ತೆಗೆದಿದ್ದಾರೆ. ದುಡ್ಡಿನ ಆಟ ನಡೆಸುವವರಿಗೆ ಮೂರು ವರ್ಷದವರೆಗೆ ಜೈಲು, ಒಂದು ಕೋಟಿಯವರೆಗೆ ದಂಡ. ಜಾಹೀರಾತು ಮಾಡಿದವರಿಗೆ ಎರಡು ವರ್ಷ, ಐವತ್ತು ಲಕ್ಷ. ಸುಮ್ನೆ ಆಡಿದವರಿಗೆ ಶಿಕ್ಷೆ ಇಲ್ಲ. ನನ್ನ ತಮ್ಮನ ಮಗ ಧೈರ್ಯವಾಗಿ ದೂರು ಕೊಡೋಕೆ ಆಗಿದ್ದೂ ಅದರಿಂದಲೇ, ಇದನ್ನು ಎಲ್ಲರೂ ತಿಳಿದುಕೊಂಡರೆ ಒಳ್ಳೆಯದು. ಹೆದರಿಕೊಂಡು ಸುಮ್ಮನಿರುವವರೇ ಜಾಸ್ತಿ.

ಇಂಗ್ಲೆಂಡಿನ ಹಾಗೆ ನಿಯಮ ಮಾಡಿ ಬಿಡಬಹುದಿತ್ತು ಅಂತ ಕೆಲವರು ಹೇಳುತ್ತಾರೆ. ಇಲ್ಲಿ ಆ ನಿಯಮಗಳು ಒಂದೊಂದೇ ಬರೋಕೆ ಹದಿನೈದು, ಇಪ್ಪತ್ತು ವರ್ಷ ಹಿಡಿದಿದೆ, ಅಷ್ಟರಲ್ಲಿ ಹೋದ ದುಡ್ಡು, ಹೋದ ಜೀವ ವಾಪಸ್ ಬಂದಿಲ್ಲ. ನೋಡಿಕೊಳ್ಳುವವರೇ ಇಲ್ಲದ ಕಡೆ ಆಟ ಬಿಡುವುದಕ್ಕಿಂತ ಮುಚ್ಚುವುದೇ ಸರಿ ಅಂತ, ಇಲ್ಲಿ ಕೂತು ಆಡುವ ನಾನೇ ಹೇಳುತ್ತಿದ್ದೇನೆ. ನಮ್ಮ ಪಕ್ಕದ ಗೋವಾದಲ್ಲಿ ಪಂಚತಾರಾ ಹೋಟೆಲ್‌ಗಳಲ್ಲಿ, ಮಾಂಡೋವಿ ನದಿಯ ಹಡಗುಗಳಲ್ಲಿ ಸ್ಲಾಟ್ ಯಂತ್ರಗಳಿಗೆ ಕಾನೂನಿನ ಒಪ್ಪಿಗೆ ಇದೆ, ಬೆಳಗಾವಿ, ಹುಬ್ಬಳ್ಳಿ ಕಡೆಯಿಂದ ವಾರದ ಕೊನೆಗೆ ಹೋಗುವವರಿದ್ದಾರೆ. ಹೋಗುವವರು ಹೋಗಲಿ. ಆದರೆ ಕೂರುವ ಮೊದಲು, ಈ ಯಂತ್ರ ನೂರಕ್ಕೆ ಎಷ್ಟು ವಾಪಸ್ ಕೊಡುತ್ತದೆ ಅಂತ ಅಲ್ಲಿಯ ಸಿಬ್ಬಂದಿಯನ್ನು ಕೇಳಿ. ಸರಿಯಾಗಿ ಹೇಳದಿದ್ದರೆ ಬೆಲೆ ಕೇಳದೆ ಸೀರೆ ಕೊಂಡ ಹಾಗೆ.

ನಿಲ್ಲಿಸೋಕೆ ಆಗುತ್ತಿಲ್ಲ ಅನ್ನುವ ಮಕ್ಕಳು ಮನೆಯಲ್ಲಿದ್ದರೆ ಬೈಯುವ ಮೊದಲು ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2014ರಿಂದ ಮೊಬೈಲ್, ಆನ್‌ಲೈನ್ ಆಟದಂಥ ತಂತ್ರಜ್ಞಾನದ ಚಟಕ್ಕೆಂದೇ ಇರುವ ಶಟ್ ಕ್ಲಿನಿಕ್ ನೆನಪಿರಲಿ. ಅಷ್ಟು ದೂರ ಹೋಗಲಾರದವರು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ.

ಸಂಪಾದಕರಲ್ಲಿ ಒಂದು ವಿನಂತಿ. ಆನ್‌ಲೈನ್ ಆಟದ ಸುದ್ದಿ, ಪತ್ರ ಹಾಕುವಾಗ ಯಾರು ಎಷ್ಟು ಗೆದ್ದರು ಅನ್ನೋದರ ಜೊತೆಗೆ ಗಂಟೆಗೆ ಎಷ್ಟು ಹೋಗುತ್ತದೆ ಅನ್ನೋ ಲೆಕ್ಕವನ್ನೂ ಎರಡು ಸಾಲಿನಲ್ಲಿ ಹಾಕಿ. ಪಣ, ಗಂಟೆಗೆ ಎಷ್ಟು ಸುತ್ತು, ನೂರಕ್ಕೆ ಎಷ್ಟು ಹಿಡಿಯುತ್ತಾರೆ, ಮೂರನ್ನೂ ಗುಣಿಸಿ ನೂರರಿಂದ ಭಾಗಿಸಿದರೆ ಆಯಿತು. ಏಳನೇ ಕ್ಲಾಸಿನ ಮಕ್ಕಳೂ ಮಾಡುವ ಲೆಕ್ಕ.

ಹುಬ್ಬಳ್ಳಿಯ ಓದುಗರೇ, ನಿಮ್ಮ ಮೇಲೆ ನನಗೆ ಸಿಟ್ಟಿಲ್ಲ. ನೀವು ಆಡುವ ಆಟದ ಆ ಮೂರು ಅಂಕಿಗಳನ್ನೂ, ಅದು ಯಾರ ಲೈಸೆನ್ಸ್‌ನಲ್ಲಿ ನಡೆಯುತ್ತದೆ ಅನ್ನೋದನ್ನೂ ಹುಡುಕಿ ಈ ಅಂಕಣಕ್ಕೇ ಬರೆದು ಕಳಿಸಿ. ಲೆಕ್ಕ ನಾನು ಮಾಡಿ ಕೊಡುತ್ತೇನೆ.

ಇಂತಿ,
ದಾವಣಗೆರೆಯ ಓದುಗ
ರೆಡಿಂಗ್, ಇಂಗ್ಲೆಂಡ್